ಒಂದು ಹೂಕೋಸು, ಎರಡು ಮೀಸೆ

ಹೊನ್ನಾವರದಲ್ಲಿ ಚಳಿ ಬೀಳುವುದು ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ತಿಂಗಳು. ಆದರೆ ಅಷ್ಟರೊಳಗೆ ನನ್ನ ಹಿತ್ತಲಲ್ಲಿ ಆಗುವ ಭಾನಗಡಿಗಳು ಊರವರಿಗೆ ವರ್ಷವಿಡೀ ನಗಲು ಸಾಕಾಗುತ್ತವೆ. ಪ್ರತಿ ವರ್ಷವೂ ಇನ್ನು ಮುಂದೆ ಹೀಗಾಗಬಾರದು ಎಂದುಕೊಳ್ಳುತ್ತೇನೆ, ಮರುವರ್ಷ ಇನ್ನೂ ದೊಡ್ಡದೇ ಆಗುತ್ತದೆ.

ನಾನು ಬಂದರಿನ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ದೋಣಿಗಳಿಗೆ, ಮೀನಿನ ಲಾರಿಗಳಿಗೆ ಐಸು ಎಣಿಸಿ ಕೊಡುವುದು ನನ್ನ ಕೆಲಸ. ಉಳಿದ ಹೊತ್ತೆಲ್ಲ ಮನೆಯ ಹಿಂದಿನ ಆರು ಸಾಲು ತರಕಾರಿಗೆ ಮೀಸಲು. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಮೀಸೆಯ ಬಾಜಿ

ಎಲ್ಲ ಶುರುವಾದದ್ದು ಕಳೆದ ದೀಪಾವಳಿಗೆ. ನನ್ನ ಹೆಂಡತಿಯ ಅಣ್ಣ ನೌಕರಿಗೆಂದು ಬೆಳಗಾವಿಗೆ ಹೋಗಿ, ಅಲ್ಲಿಯವಳನ್ನೇ ಮದುವೆಯಾಗಿ, ಅಲ್ಲಿಯೇ ನಿಂತವರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಬೇರೆ ನೆಂಟರು ಬರುವಾಗ ಸಿಹಿ ತರುತ್ತಾರೆ, ನಮ್ಮ ಭಾವ ಹೂಕೋಸು ತರುತ್ತಾರೆ. ಈ ಸಲದ್ದು ಕೊಡಪಾನದ ಗಾತ್ರ ಇತ್ತು. ಅದನ್ನು ಜಗಲಿಯ ನಡುವೆ ಇಟ್ಟು, ನನ್ನ ಹರಿವೆ, ಬದನೆ ಸಾಲುಗಳ ಕಡೆ ಕರುಣೆಯಿಂದ ನೋಡಿದರು.

"ಭಾವ, ಹರಿವೆ ಯಾರು ಬೇಕಾದ್ರೂ ಬೆಳಿತಾರೆ. ಹೂಕೋಸಿಗೆ ಚಳಿ ಬೇಕು. ನಿಮ್ಮಲ್ಲಿ ಚಳಿ ಎಲ್ಲುಂಟು?"

ಇಪ್ಪತ್ತೆರಡು ವರ್ಷ ಚಳಿಯನ್ನೇ ಮಾರಿದವನಿಗೆ ಈ ಮಾತು ಸಿಟ್ಟು ಬರಿಸಿತು. "ಬೆಳೆದು ತೋರಿಸಿದ್ರೆ ಎಂತ ಮಾಡ್ತ್ರಿ?" ಎಂದೆ.

"ಮೀಸೆ ಬೋಳಿಸ್ತೆ. ಆಗದಿದ್ರೆ ನೀವು ಬೋಳಿಸುದು. ಸಂಕ್ರಾಂತಿ ಕಳೆದ ಮೇಲೆ ಇಡಗುಂಜಿ ಗಣಪತಿಗೆ ಬರ್ತೆ ಅಲ್ಲ, ಆವತ್ತೇ ನೋಡುವ."

ಭಾವನ ಮೀಸೆ ಅಂತಿಂಥದ್ದಲ್ಲ. ತುದಿಗೆ ಎಣ್ಣೆ ಹಚ್ಚಿ ತಿರುವಿದ್ದು. ಮದುವೆಯಾದಂದಿನಿಂದ ಅವರ ಹೆಂಡತಿ ಆ ಮೀಸೆ ಇಲ್ಲದ ಮುಖವನ್ನು ಕಂಡವಳಲ್ಲ. ನನ್ನದೂ ಕಡಿಮೆಯಿಲ್ಲ. ಹೆಣ್ಣು ನೋಡಲು ಹೋದಾಗ ನಮ್ಮ ಅತ್ತೆ ನನ್ನಲ್ಲಿ ಮೆಚ್ಚಿದ್ದು ಅದೊಂದನ್ನೇ. ಅದು ಹೋದರೆ ಮುಖದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ "ಆತು" ಎಂದುಬಿಟ್ಟೆ.

ಒಳಗಿಂದ ಹೆಂಡತಿ ಹೇಳಿದಳು, "ಬಾಜಿ ಎಲ್ಲ ಎಂತಕ್ಕೆ? ಇಬ್ಬರೂ ಬೋಳಿಸ್ಕಳ್ಳಿ. ಮಜ್ಜಿಗೆ ಲೋಟ ತೊಳೆಯುಕೆ ನಂಗೆ ಸುಲಭ ಆಗ್ತದೆ."

ಬೆರ್ಚಪ್ಪ

ಕುಮಟೆಯಿಂದ ಹನ್ನೆರಡು ಸಸಿ ತಂದು ನೆಟ್ಟೆ. ಡಿಸೆಂಬರ್ ಹೊತ್ತಿಗೆ ಎಲೆಗಳಿಗೆ ಹಸಿರು ಹುಳ ಬಿತ್ತು. ಬಿಸಿಲೇರಿದ ಮೇಲೆ ಹುಡುಕಿದರೆ ಅವು ಎಲೆಯ ಅಡಿಗೆ ಹೋಗಿ ಅಡಗುತ್ತವೆ. ಬೆಳಗಿನ ಚಳಿಗೆ ಮಾತ್ರ ಮರಗಟ್ಟಿ ಮೇಲೆಯೇ ಕೂತಿರುತ್ತವೆ. ಹಾಗಾಗಿ ನನ್ನ ದಿನಚರಿಯೇ ಬದಲಾಯಿತು. ಬೆಳಕು ಹರಿಯುವಾಗಲೇ ಎದ್ದು, ಮಂಕಿ ಕ್ಯಾಪ್ ಹಾಕಿ, ಹಳೆಯ ಸ್ವೆಟರಿನ ಮೇಲೆ ಮಳೆಗಾಲದ ಕೋಟು ಏರಿಸಿ, ಮಂಜಿನ ನಡುವೆ ಕುಕ್ಕರಗಾಲಲ್ಲಿ ಕೂತು ಹುಳ ಹೆಕ್ಕುವುದು. ಹತ್ತು ಗಂಟೆಗೆ ಬನಿಯನ್ನೂ ಬೇಡ ಎನ್ನುವಂತಹ ಸೆಕೆ. ನಮ್ಮ ಕಡೆಯ ಚಳಿಗೆ ಮರ್ಯಾದೆ ಇಲ್ಲ.

ಒಂದು ಭಾನುವಾರ ಪಕ್ಕದ ಮನೆಯ ಅಕ್ಕ ಬೇಲಿಯ ಹತ್ತಿರ ಬಂದು ನನ್ನ ಹೆಂಡತಿಯನ್ನು ಕರೆದರು. ಅವರ ಮನೆಮಾತು ಕೊಂಕಣಿ, ನಮ್ಮೊಡನೆ ಕನ್ನಡ. ನಾನು ಅಡುಗೆಮನೆಯ ಕಿಟಕಿಯ ಒಳಗೆ ಚಹಾ ಕುಡಿಯುತ್ತಿದ್ದೆ.

"ನಿಮ್ಮ ಬೆರ್ಚಪ್ಪ ರಾಶಿ ಚಂದ ಆಗಿದೆ. ವಾರದಿಂದ ನೋಡ್ತಾ ಇದ್ದೆ, ಒಂದು ಕಾಗೆ ಹತ್ರ ಬರೂದಿಲ್ಲ," ಎಂದರು ಅಕ್ಕ. "ದಿನಾ ಬೆಳಿಗ್ಗೆ ಬೊಂಬೆಯ ಜಾಗ ಬೇರೆ ಬದಲಿಸ್ತ್ರಿ. ಒಳ್ಳೆ ಉಪಾಯ."

ಹೆಂಡತಿ ನಗು ತಡೆದುಕೊಂಡು, "ಹೌದು ಅಕ್ಕ, ಇವರೇ ಮಾಡಿದ್ದು," ಎಂದಳು.

"ಒಂದೇ ತಪ್ಪು ಆಗಿದೆ," ಎಂದರು ಅಕ್ಕ, ದನಿ ತಗ್ಗಿಸಿ. "ಹೊಟ್ಟೆಗೆ ಹುಲ್ಲು ಸ್ವಲ್ಪ ಜಾಸ್ತಿ ತುಂಬಿದ್ರಿ."

ಬಚ್ಚಲ ಒಲೆಯ ಬೂದಿ

ಹುಳ ಹೋಯಿತು, ಹೇನು ಬಂತು. ಎಲೆಗೆ ಅಂಟುವ ಸಣ್ಣ ಹೇನಿಗೆ ನಮ್ಮ ಅಮ್ಮನ ಕಾಲದಿಂದಲೂ ಬಚ್ಚಲ ಒಲೆಯ ಬೂದಿಯೇ ಮದ್ದು. ಇಬ್ಬನಿ ಆರುವುದರೊಳಗೆ ಎರಚಿದರೆ ಹಿಡಿಯುತ್ತದೆ. ನಾನು ಬುಟ್ಟಿ ತುಂಬ ಬೂದಿ ಹೊತ್ತು ಉತ್ಸಾಹದಿಂದ ಎರಚಿದೆ. ಚಳಿಗಾಲದ ಬೆಳಿಗ್ಗೆ ಗಾಳಿ ಗುಡ್ಡದ ಕಡೆಯಿಂದ ಕಡಲಿನ ಕಡೆಗೆ ಬೀಸುತ್ತದೆ ಎಂಬುದು ನೆನಪಾದದ್ದು ಬುಟ್ಟಿ ಖಾಲಿಯಾದ ಮೇಲೆ. ಹಿತ್ತಲಿನ ಆ ಬದಿಯ ಕಾಲುದಾರಿಯಲ್ಲಿ ನಿವೃತ್ತ ಮಾಸ್ತರರು ನಿಂತಿದ್ದರು. ಕುಮಟೆಯಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆಯೆಂದು ಹಿಂದಿನ ದಿನವಷ್ಟೇ ತಲೆಗೆ ಕಪ್ಪು ಬಳಿಸಿಕೊಂಡಿದ್ದರು. ಕಪ್ಪು ಎಲ್ಲಿತ್ತೋ ಅಲ್ಲೆಲ್ಲ ಈಗ ಬೂದಿ ಇತ್ತು.

ಬಸ್ಸು ಬರುವ ಹೊತ್ತಾದ್ದರಿಂದ ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ ಹಾಗೆಯೇ ಓಡಿದರು. ಇಡೀ ದಿನ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಅವರ ಬೆತ್ತದ ರುಚಿ ಕಂಡವನು ನಾನು. ಸಂಜೆ ಅವರು ನೇರ ನಮ್ಮ ಮನೆಗೇ ಬಂದಾಗ ಕಂಬದ ಹಿಂದೆ ನಿಂತೆ.

"ಬಾರೋ ಈಚೆ," ಎಂದರು ಮಾಸ್ತರರು. "ಹೋಗ್ತಾ ಬಸ್ಸಲ್ಲಿ ಕೂರುಕೆ ಜಾಗ ಕೊಟ್ರು. ಬರ್ತಾ ಕಿಟಕಿ ಬದಿಗೇ ಕೊಟ್ರು. ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು ಅಂತ ಹೇಳಿ ಶಾಲು ನಂಗೇ ಹೊದಿಸಿದ್ರು. ಬರೂ ಬುಧವಾರ ಭಟ್ಕಳಕ್ಕೆ ಹೋಗೂದುಂಟು. ಬೂದಿ ಇಟ್ಟಿರು."

ಐಸು

ಜನವರಿ ಬಂತು, ಇದ್ದ ಚಳಿಯೂ ಹೋಯಿತು. ಮೋಡ ಕಟ್ಟಿ ಸೆಕೆ ಶುರುವಾಯಿತು. ಹೂಕೋಸಿನ ಗಿಡಗಳು ಎಲೆ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದವು. ಕನ್ನಡಿಯ ಮುಂದೆ ನಿಂತಾಗಲೆಲ್ಲ ಮೀಸೆಯನ್ನು ಅಂಗೈಯಿಂದ ಮುಚ್ಚಿ ನೋಡುತ್ತಿದ್ದೆ. ನೋಡಲಾಗುತ್ತಿರಲಿಲ್ಲ.

ಕೊನೆಗೆ, ಚಳಿ ತಾನಾಗಿ ಬಾರದಿದ್ದರೆ ನಾನೇ ತರುತ್ತೇನೆ ಎಂದು ತೀರ್ಮಾನಿಸಿದೆ. ಮಾಲೀಕರನ್ನು ಕೇಳಿ, ಒಡೆದುಳಿದ ಐಸಿನ ಚೂರುಗಳನ್ನು ದಿನವೂ ಮನೆಗೆ ಒಯ್ಯತೊಡಗಿದೆ. ಸಂಜೆ ಗಿಡಗಳ ಸುತ್ತ ಐಸು ಹರಡಿ, ತಂಪು ಹಾರದಂತೆ ಒಂದೊಂದಕ್ಕೂ ಮೀನು ತುಂಬುವ ಹಳೆಯ ಥರ್ಮಕೋಲ್ ಪೆಟ್ಟಿಗೆ ಬೋರಲು ಹಾಕುವುದು. ಬೆಳಿಗ್ಗೆ ಪೆಟ್ಟಿಗೆ ತೆಗೆಯುವುದು.

ಐಸು ಒಯ್ಯಲು ಬರುವ ಭಟ್ಕಳದ ಮೀನಿನ ವ್ಯಾಪಾರಿ ವಿಷಯ ಕೇಳಿ ಲಾರಿಯಿಂದ ಇಳಿದೇ ಬಂದರು. "ಕ್ಯಾ ಭಾಯಿ, ನಾವು ಮೀನು ಸತ್ತ ಮೇಲೆ ಐಸ್ ಹಾಕ್ತೇವೆ. ನಿಮ್ಮದು ಇನ್ನೂ ಹುಟ್ಟಲೇ ಇಲ್ಲ, ಆಗಲೇ ಐಸಾ?"

ನನಗೆ ಹೊಳೆಯದೆ ಹೋದದ್ದು ಪೆಟ್ಟಿಗೆಯ ವಾಸನೆ. ಎಷ್ಟು ತೊಳೆದರೂ ಅದರಿಂದ ಬಂಗಡೆಯ ವಾಸನೆ ಹೋಗುವುದಿಲ್ಲ. ಎರಡನೆಯ ದಿನ ನಾಲ್ಕು ಬೆಕ್ಕು ಬಂದವು, ನಾಲ್ಕನೆಯ ದಿನ ಲೆಕ್ಕ ತಪ್ಪಿತು. ಪೆಟ್ಟಿಗೆ ಉರುಳಿಸಿ, ಮಣ್ಣು ಕೆದರಿ, ಮೀನು ಸಿಗದ ಸಿಟ್ಟಿಗೆ ಗಿಡ ಕಿತ್ತು ಹಾಕಿದವು. ವಾರದಲ್ಲಿ ಹನ್ನೊಂದು ಗಿಡ ಹೋದವು. ಉಳಿದದ್ದು ಒಂದು. ಅದರ ಪೆಟ್ಟಿಗೆಯ ಮೇಲೆ ಕಲ್ಲು ಹೇರಿ, ಬೆಕ್ಕಿಗೂ ಬಿಸಿಲಿಗೂ ಹೆದರಿ ಹಗಲಲ್ಲೂ ಮುಚ್ಚಿಯೇ ಇಟ್ಟೆ. ಸಂಕ್ರಾಂತಿಯ ಬೆಳಿಗ್ಗೆ ಪೆಟ್ಟಿಗೆ ಎತ್ತಿದರೆ ಎಲೆಗಳ ನಡುವೆ ಲಿಂಬೆಹಣ್ಣಿನಷ್ಟು ಬಿಳಿ. ನಾನು ಅಲ್ಲಿಯೇ ಕೈ ಮುಗಿದೆ.

ಆದರೆ ನಮಗೆ ಖಾಯಂ ಮೀನು ಕೊಡುವ ಅಕ್ಕ ಅಂದು ಬುಟ್ಟಿ ಇಳಿಸದೆ ಅಂಗಳದಲ್ಲಿ ನಿಂತಳು. "ಹತ್ತು ವರ್ಷದ ಗಿರಾಕಿ ನೀವು. ಈಗ ಯಾರ ಹತ್ರ ಮೀನು ತಕಳ್ತ್ರಿ? ಕೇರಿಯ ಬೆಕ್ಕೆಲ್ಲ ನಿಮ್ಮ ಹಿತ್ತಲಲ್ಲೇ ಅದಾವೆ."

ಹೆಂಡತಿ ಅವಳನ್ನು ಹಿತ್ತಲಿಗೆ ಕರೆದೊಯ್ದು ಪೆಟ್ಟಿಗೆ ಎತ್ತಿ ಹೂಕೋಸು ತೋರಿಸಿದಳು. ಅಕ್ಕ ಹೂಕೋಸನ್ನು ನೋಡಿದಳು, ಐಸನ್ನು ನೋಡಿದಳು, ನನ್ನನ್ನು ನೋಡಿದಳು.

"ಬೇರೆಯವರ ಹತ್ರ ತಕಂಡದ್ದು ತಕಂಡ್ರಿ," ಎಂದಳು, "ಅದಕ್ಕೆ ಇಷ್ಟು ದೊಡ್ಡ ಸುಳ್ಳು ಎಂತಕ್ಕೆ?"

ಭಾವ ಬಂದರು

ಹೂಕೋಸು ದೊಡ್ಡ ತೆಂಗಿನಕಾಯಿಯಷ್ಟಾಗುವ ಹೊತ್ತಿಗೆ ಸರಿಯಾಗಿ ಭಾವನ ಫೋನು ಬಂತು. ಅವರು ಒಬ್ಬರೇ ಇಡಗುಂಜಿ ಗಣಪತಿಯ ದರ್ಶನ ಮುಗಿಸಿ ಮಧ್ಯಾಹ್ನ ಊಟಕ್ಕೆ ಬರುವವರು. ನಾನು ಅರ್ಧ ದಿನ ರಜೆ ಹಾಕಿ, ಬಸ್‌ ಸ್ಟ್ಯಾಂಡಿಗೇ ಹೋಗಿ, ಅವರ ಚೀಲ ಹಿಡಿದು, ಮನೆಯ ಒಳಗೂ ಬಿಡದೆ ನೇರ ಹಿತ್ತಲಿಗೆ ಕರೆದೊಯ್ದೆ.

"ನೋಡಿ ಭಾವ," ಎಂದು ಪೆಟ್ಟಿಗೆ ಎತ್ತಿದೆ. ಕೆಳಗೆ ಒಂದು ಬೋಳು ದಂಟು ಇತ್ತು.

ಭಾವ ಬಗ್ಗಿ ದಂಟನ್ನು ನೋಡಿ, ತಮ್ಮ ಮೀಸೆಯ ಎರಡೂ ತುದಿ ತಿರುವಿದರು. "ಚಂದ ಬೆಳೆದಿದೆ. ಊಟ ಮಾಡಿ ಬೋಳಿಸುವನಾ, ಬೋಳಿಸಿ ಊಟ ಮಾಡುವನಾ?"

ಸದ್ದು ಕೇಳಿ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. "ನಾನೇ ಕೊಯ್ದೆ. ಇಡಗುಂಜಿಗೆ ಹೋಗಿ ಬಂದ ಅಣ್ಣಂಗೆ ಇವತ್ತು ಮೀನು ಹಾಕುಕೆ ಆಗೂದಿಲ್ಲ ಅಲ್ಲ. ಪಲ್ಯ ಮಾಡ್ದೆ."

ಅವಳು ಬಾಜಿಯನ್ನು ಪೂರ್ತಿ ಮರೆತಿದ್ದಳು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಭಾವ ಮಾತ್ರ ಪಾಟೀಸವಾಲು ಮಾಡುವ ವಕೀಲರ ಹಾಗೆ ನಿಂತರು. "ಗಂಡನ ಮೀಸೆ ಉಳಿಸುಕೆ ಸಂತೆಯಿಂದ ತಂದದ್ದು ಅದು. ನಂಗೆ ಗೊತ್ತಿಲ್ವಾ? ದಂಟು ಯಾವುದರದ್ದೂ ಆಗ್ತದೆ."

ಸಾಕ್ಷಿ ಇಲ್ಲ. ಪೆಟ್ಟಿಗೆ ತೆಗೆದರೆ ಬಿಸಿಲು ಬೀಳುತ್ತದೆ ಎಂದು ನಾನು ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಕಂಡವಳು ಮೀನಿನ ಅಕ್ಕ ಒಬ್ಬಳೇ, ಅವಳು ನಂಬಿರಲಿಲ್ಲ. ಊಟಕ್ಕೆ ಕೂತೆವು. ಮೀಸೆಗೆ ಇದು ಕೊನೆಯ ಊಟ ಎಂದು ಸಾರನ್ನು ಸ್ವಲ್ಪ ಅದಕ್ಕೂ ತಾಗಿಸಿದೆ.

ಭಾವ ಪಲ್ಯದ ದೊಡ್ಡ ತುತ್ತು ಬಾಯಿಗೆ ಹಾಕಿದರು. ಎರಡು ಸಲ ಅಗಿದರು. ನಿಲ್ಲಿಸಿದರು. ಮುಖ ಕೆಂಪಾಯಿತು.

"ತಂಗಿ, ದೇವರ ಪ್ರಸಾದ ಇನ್ನೂ ಕಿಸೆಯಲ್ಲುಂಟು. ಇದಕ್ಕೆ ಮೀನು ಎಂತಕ್ಕೆ ಹಾಕಿದೆ?"

"ಮೀನು ಎಲ್ಲಿ? ಬರೀ ಹೂಕೋಸು."

"ಬಂಗಡೆ ವಾಸನೆ ನಂಗೆ ಗೊತ್ತಾಗೂದಿಲ್ವಾ? ಪೂರಾ ಬಂಗಡೆ."

ಹೆಂಡತಿ ಸೌಟನ್ನು ಪಾತ್ರೆಯಲ್ಲಿಟ್ಟು ಅಣ್ಣನ ಎದುರಿಗೆ ಬಂದು ಕೂತಳು. ಅವಳ ಆ ಹೊತ್ತಿನ ಮುಖವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಅಣ್ಣ, ನೀ ಬೆಳಗಾವಿಯಿಂದ ವರ್ಷ ವರ್ಷ ತರ್ತೆ ಅಲ್ಲ. ಯಾವ ಸಂತೆಯ ಹೂಕೋಸಾದರೂ ಬಂಗಡೆ ವಾಸನೆ ಬಂದದ್ದುಂಟಾ?"

ಭಾವ ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದರು. ಬೋರಲು ಬಿದ್ದಿದ್ದ ಪೆಟ್ಟಿಗೆಯನ್ನು ಎತ್ತಿ ಮೂಸಿದರು. ಮತ್ತೆ ಮೂಸಿದರು. ಅಷ್ಟು ಹೊತ್ತಿಗೆ ಬೇಲಿಯ ಮೇಲೆ ಮೂರು ಬೆಕ್ಕು ಸಾಕ್ಷಿ ಹೇಳಲು ಬಂದು ಕೂತಿದ್ದವು. ಭಾವ ಚಪ್ಪಲಿ ಮೆಟ್ಟಿ, "ಕಟಿಂಗ್ ಅಂಗಡಿ ಇಷ್ಟೊತ್ತಿಗೆ ತೆಗೆದಿರ್ತದಾ?" ಎಂದು ಕೇಳಿದರು. ಮಾತಿಗೆ ತಪ್ಪುವ ಮನುಷ್ಯ ಅಲ್ಲ. ನನಗೆ ಪಾಪ ಎನಿಸಿದರೂ ಕುಣಿಯುವಷ್ಟು ಖುಷಿಯಾಗಿತ್ತು, ಅಂಗಡಿಯವರೆಗೆ ಕೊಡೆ ಹಿಡಿದು ಕರೆದುಕೊಂಡು ಹೋದೆ.

ಮರುದಿನ ಸಂಜೆ ಅವರು ಬೆಳಗಾವಿ ಮುಟ್ಟಿದ ಸುದ್ದಿಯನ್ನು ಫೋನಿನಲ್ಲಿ ಅವರೇ ಹೇಳಿದರು. ಅಲ್ಲಿ ವಿಪರೀತ ಚಳಿ, ಮೂಗಿನ ಕೆಳಗೆ ಗಾಳಿ ಹೊಡೆಯುತ್ತಿತ್ತಂತೆ. ಮಫ್ಲರ್ ಸುತ್ತಿಕೊಂಡು ಹೋಗಿ ಮನೆಯ ಬಾಗಿಲು ತಟ್ಟಿ, ಮಫ್ಲರ್ ಕೆಳಗೆ ಸರಿಸಿ ನಿಂತರಂತೆ. ಅವರ ಹೆಂಡತಿ ಬಾಗಿಲನ್ನು ನಾಲ್ಕು ಬೆರಳಷ್ಟು ತೆಗೆದು, ಇವರನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳಂತೆ:

"ಅವರು ಮನ್ಯಾಗಿಲ್ರೀ. ಹೊನ್ನಾವರಕ್ಕ ತಂಗಿ ಮನಿಗೆ ಹೋಗ್ಯಾರ. ನಾಳೆ ಬರ್ರಿ."