ಮೂರು ನಿಮಿಷದಲ್ಲಿ ಸೋತ ಕೆರೆ

ನಿಮ್ಮ ಮನೆಯವರೆಲ್ಲ ಒಂದು ದಿನ ಹೊರಗೆ ಹೋಗುವುದಾದರೆ, ಎಲ್ಲಿಗೆಂದು ನಿರ್ಧರಿಸುವವರು ಯಾರು: ಹೋಗುವ ಆಸೆ ಇರುವವರೋ, ಚೆನ್ನಾಗಿ ಮಾತನಾಡಬಲ್ಲವರೋ? ಸಭೆಗಳಲ್ಲಿ ಕೇಳುವ ಧಾಟಿಯಲ್ಲಿ ನಾನು ಇದನ್ನು ಕೇಳುತ್ತಿಲ್ಲ. ನಮ್ಮ ಮನೆಯ ಉತ್ತರ ನನಗೆ ಗೊತ್ತಿದೆ, ಮತ್ತು ಅದು ನನಗೆ ವಿರುದ್ಧವಾಗಿದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಸಕಾರಣವಾಗಿ ಮಂಡಿಸದ ಆಸೆಯನ್ನು ಅವನು ಆಸೆಯೆಂದೇ ಒಪ್ಪುವುದಿಲ್ಲ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಬದನೆಕಾಯಿ ಹುಳಿಗೂ ಒಂದು ಪರ, ಒಂದು ವಿರೋಧ ಇದೆ. ಹುಳಿ ಆರುವುದಷ್ಟೇ ಇದರ ಫಲ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಎರಡು ವರ್ಷದ ಹಿಂದೆ ಸ್ಕಾಟ್ಲೆಂಡಿನ ಹಳ್ಳಿಗಾಡಿನ ಬಗ್ಗೆ ಫೋನಿನಲ್ಲಿ ಏನನ್ನೋ ಓದಿದೆ. ಅಲ್ಲಿನ ಸಂಸಾರಗಳು ರಜೆಯ ದಿನ ಡಬ್ಬಿಯಲ್ಲಿ ಬ್ರೆಡ್ಡು ತುಂಬಿಕೊಂಡು ಹತ್ತಿರದ ಕುರಿದೊಡ್ಡಿ, ಸಣ್ಣದೊಂದು ಜಲಪಾತ, ಅರ್ಧ ಬಿದ್ದ ಕೋಟೆ ಇವನ್ನು ನೋಡಿ, ತುಂತುರಿನಲ್ಲಿ ನೆನೆದು, ಸಂತೋಷವಾಗಿ ಮನೆಗೆ ಮರಳುತ್ತಾರಂತೆ. ಬಿದ್ದ ಗೋಡೆಯನ್ನು ನೋಡಲು ಅವರು ಮಕ್ಕಳುಮರಿ ಸಮೇತ ಹೊರಡುವಾಗ, ಕೆಜಿಎಫನ್ನು ಕಾಲಬುಡದಲ್ಲೇ ಇಟ್ಟುಕೊಂಡು ನಾವು ಭಾನುವಾರ ನಿದ್ದೆ ಹೊಡೆಯುವುದು ನಾಗರಿಕ ಲಕ್ಷಣವೇ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ಅವ್ರಿಗೇನ್ರೀ, ಭಾನುವಾರ ನೀರಿಡಿಯೋ ಕೆಲ್ಸ ಇರಲ್ಲ” ಎಂದಳು.

ಆದರೂ ಸಭೆ ಸೇರಿಸಿದೆ. ಒಬ್ಬೊಬ್ಬರಿಗೆ ಮೂರು ನಿಮಿಷ, ಸಮಯ ಮುಗಿದರೆ ದೇವರಮನೆಯ ಗಂಟೆ, ಒಬ್ಬರು ಮಾತನಾಡುವಾಗ ಇನ್ನೊಬ್ಬರು ಎದ್ದುಹೋಗುವಂತಿಲ್ಲ. ಏಳನೇ ತರಗತಿಯ ಮಗಳು ಬೆಂಗಳೂರಿನ ಮಾಲ್ ಪರವಾಗಿ ಆವೇಶದಿಂದ ಮಾತನಾಡಿದಳು. “ಎಲ್ಲೋದ್ರೂ ಚಿತ್ರಾನ್ನ ಕಲಸೋಳು ನಾನೇ ಅಲ್ವಾ” ಎಂದು ಹೆಂಡತಿ ತಟಸ್ಥಳಾದಳು. ಕೊನೆಗೆ ಅಮ್ಮನ ಸರದಿ.

“ಬೇತಮಂಗಲದ ಕೆರೆತಾವ ಓಗಾನ ಕಣಪ್ಪಾ. ನೀರಾಗೆ ಕಾಲಿಟ್ಕೊಂಡು ವಸಿ ಒತ್ತು ಕುಂತ್ಕೊಳಾನ.”

“ಕಾರಣ?”

“ಕುಂತ್ಕೊಳಾಕೆ ಕಾರಣ ಏನಪ್ಪಾ, ಕುಂತ್ಕೊಳಾಕೆ.”

ಇನ್ನೂ ಎರಡು ನಿಮಿಷ ಚಿಲ್ಲರೆ ಉಳಿದಿತ್ತು. ನಿಯಮ ನಿಯಮವೇ ಎಂದು ಎಲ್ಲರನ್ನೂ ಸುಮ್ಮನೆ ಕೂರಿಸಿ, ಗಡಿಯಾರ ನೋಡಿ ಗಂಟೆ ಬಾರಿಸಿದೆ. “ದೇವ್ರ ಗಂಟೆ ಸುಮ್‌ಸುಮ್ಕೆ ಬಾರಿಸ್ಬ್ಯಾಡ್ಲಾ” ಎಂದು ಅಮ್ಮ ಎದ್ದುಹೋದಳು. ಆಮೇಲೆ ನಾನು ಮಾತನಾಡಿದೆ, ನಾನೇ ತೀರ್ಪು ಕೊಟ್ಟೆ. ನನ್ನ ಶೈಕ್ಷಣಿಕ ಪ್ರವಾಸ ಗೆದ್ದಿತು. ಕೆರೆಗೆ ಸಮಾಧಾನಕರ ಬಹುಮಾನವೆಂಬಂತೆ ಪಟ್ಟಿಯ ಕೊನೆಯಲ್ಲಿ ಜಾಗ ಕೊಟ್ಟೆ.

ಭಾನುವಾರ ಆಟೋ ಹತ್ತಿದೆವು. ಮುಚ್ಚಿದ ಚಿನ್ನದ ಗಣಿಗೆ ಜನರನ್ನು ಇಳಿಸುತ್ತಿದ್ದ ಚಕ್ರವನ್ನು ಬೇಲಿಯಾಚೆಯಿಂದ ತೋರಿಸಿದೆ, ಇಂಗ್ಲಿಷರ ಬಂಗಲೆಗಳನ್ನು ರಸ್ತೆಯಿಂದ ತೋರಿಸಿದೆ. ಚಿನ್ನ ತೆಗೆದು ಉಳಿದ ಪುಡಿಯ ರಾಶಿಯಾದ ಸೈನೈಡ್ ಗುಡ್ಡದೆದುರು ನನ್ನ ವಿವರಣೆ ಚಿತ್ರಾನ್ನ ಮುಗಿದ ಮೇಲೂ ಮುಗಿಯಲಿಲ್ಲ. ಅಲ್ಲೇ ಹತ್ತಿರದ ಆಂಡರ್ಸನ್‌ಪೇಟೆಯವನಾದ ಆಟೋದವನು ಬೀಡಿ ಆರಿಸಿ, “ಸಾರ್, ಈ ಗುಡ್ಡ ನೋಡಾಕೆ ಆಟೋ ಮಾಡ್ಕೊಂಡು ಬಂದೋರು ನೀವೇ ಮೊದ್ಲು. ಗಾಳಿ ಬಂದ್ರೆ ಅದೇ ನಮ್ಮನೆಗೆ ಬತ್ತದೆ” ಎಂದ. ಮಗಳು ನಕ್ಕಳು, ಅಮ್ಮ ನಗಲಿಲ್ಲ. ನನ್ನ ತಂದೆ ಆ ಗಣಿಯಲ್ಲಿ ದುಡಿದವರು. ಅವರು ಇರುವತನಕ ಗಣಿ ಕಾರ್ಮಿಕರ ಸಾಲುಮನೆಗಳಲ್ಲೊಂದಾದ ಲೈನ್ ಮನೆಯಲ್ಲಿ ಆ ಗುಡ್ಡದ ಧೂಳನ್ನು ದಿನಕ್ಕೆರಡು ಸಲ ಗುಡಿಸಿದವಳು ಅಮ್ಮ. ಅವಳಿಗೆ ನಾನು ಗುಡ್ಡದ ಪರಿಚಯ ಮಾಡಿಸುತ್ತಿದ್ದೆ.

ಕೆರೆಯ ಏರಿ ತಲುಪುವಾಗ ಹೊತ್ತು ಇಳಿದಿತ್ತು. “ಸಂಜೆ ಟ್ರೇನಿಗೆ ಒಬ್ರುನ್ನ ಬಿಡ್ಬೇಕು ಸಾರ್, ಹತ್ತೇ ನಿಮ್ಸ” ಎಂದ ಆಟೋದವನು. ಅಮ್ಮ ಚಪ್ಪಲಿ ಬಿಟ್ಟು ಎರಡು ಮೆಟ್ಟಿಲು ಇಳಿದಳು. ಅಷ್ಟರಲ್ಲಿ ನಾನು ನೀರಾವರಿಯ ಮಹತ್ವದ ಬಗ್ಗೆ ಭಾಷಣ ಆರಂಭಿಸಿದ್ದೆ. ಒಬ್ಬರು ಮಾತನಾಡುವಾಗ ನಡುವೆ ಎದ್ದುಹೋಗಬಾರದೆಂದು ನಾನೇ ಮಾಡಿದ ನಿಯಮವನ್ನು ಪಾಲಿಸಿ, ಅವಳು ಆ ಎರಡನೇ ಮೆಟ್ಟಿಲಲ್ಲೇ ನಿಂತು ಕೇಳಿದಳು. ನಾನು ಉಪಸಂಹಾರಕ್ಕೆ ಬರುವಾಗ ಆಟೋದ ಹಾರನ್ ಕೇಳಿಸಿತು.

ದಾರಿಯಲ್ಲಿ, ಬೇರೆ ವಿಷಯವಿಲ್ಲದೆ, ಅವಳಿಗೆ ಆ ಕೆರೆಯೇ ಏಕೆ ಬೇಕಿತ್ತೆಂದು ಕೇಳಿದೆ.

“ಲೈನ್ ಮನ್ಯಾಗಿದ್ದಾಗ ನಲ್ಲಿತಾವ ಕೊಡ ಇಟ್ಕೊಂಡು ನಿಂತಿರ್ತಿದ್ವಲ್ಲಾ. ಬೇತಮಂಗಲದ ನೀರು ಈಗ ಬತ್ತದೆ, ಆಗ ಬತ್ತದೆ ಅಂತಿದ್ರು. ಅಷ್ಟು ವರ್ಸ ಅದಕ್ಕೆ ಕಾದಿದ್ದೀನಿ. ಒಂದ್ಸಲ ನಾನೇ ಅದ್ರತಾವ ಓಗಿ ಕುಂತ್ಕೊಳಾನ ಅನ್ನಿಸ್ತು, ಅಷ್ಟೇ.”

ಒಂದು ನಿಮಿಷವೂ ಹಿಡಿಯಲಿಲ್ಲ. ಅಂಥ ವಾದದೆದುರು ನಾನು ಯಾವ ವೇದಿಕೆಯಲ್ಲೂ ನಿಂತವನಲ್ಲ. ಮುಂದಿನ ವಾರವೇ ಬರೋಣ ಎಂದೆ. ಮುಂದಿನ ವಾರ ನನಗೊಂದು ಸಭೆ ಇತ್ತು, ಅದರ ಮುಂದಿನ ವಾರ ಇನ್ನೊಂದು; ಎರಡರಲ್ಲೂ ವಿಷಯ ಹಿರಿಯರ ಬಗ್ಗೆ ಸಮಾಜದ ಹೊಣೆ. ಹೀಗೆ ಮುಂದೂಡುತ್ತಿದ್ದಾಗ ಅಮ್ಮನ ಮಂಡಿಗಳು ಕೈಕೊಟ್ಟವು, ಮೆಟ್ಟಿಲು ಇಳಿಯಲೇಬಾರದೆಂದು ಡಾಕ್ಟರು ಹೇಳಿದರು. ಕೆರೆ ತುಂಬಿದೆಯೆಂದು ಮೊನ್ನೆ ಸುದ್ದಿ ಬಂದಾಗ, ಕುರ್ಚಿಯಲ್ಲಿ ಹೊತ್ತುಕೊಂಡಾದರೂ ಕರೆದೊಯ್ಯುತ್ತೇನೆ ಎಂದೆ.

“ಬ್ಯಾಡ ಬಿಡಪ್ಪಾ. ಕುರ್ಚಿಮ್ಯಾಗಿದ್ರೆ ಕಾಲು ನೀರಿಗೆಟುಕಾಕಿಲ್ಲ. ಅಲ್ದೆ, ನೀನೂ ಬತ್ತೀಯಲ್ಲ, ಮಾತಾಡ್ತೀಯ.”

ಈಗ ಸಂಜೆ ಅವಳ ಕಾಲಿಗೆ ಬಿಸಿನೀರಿನ ಬಕೆಟ್ಟು ತಂದಿಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುತ್ತೇನೆ. ಅಭ್ಯಾಸವಿಲ್ಲದ್ದರಿಂದ ಕಷ್ಟವಾಗುತ್ತದೆ. ನಿಮ್ಮಲ್ಲಿ ನನ್ನದೊಂದು ವಿನಂತಿ: ನಿಮ್ಮ ಮನೆಯಲ್ಲಿ ಯಾರಾದರೂ ಒಂದೇ ವಾಕ್ಯದಲ್ಲಿ ಒಂದು ಜಾಗದ ಹೆಸರು ಹೇಳಿದ್ದರೆ, ಬರುವ ಭಾನುವಾರ ಅವರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ. ಕಾರಣ ಕೇಳಬೇಡಿ.