ಎರಡನೇ ಭಾಗವನ್ನು ದಯವಿಟ್ಟು ಬಿಡುಗಡೆ ಮಾಡಬೇಡಿ

ವಿಡಿಯೋ ಗೇಮ್ ಯಂತ್ರದ ತಲೆಯ ಮೇಲೆ ಇನ್ನೊಂದು ಯಂತ್ರವನ್ನು ಕೂರಿಸಿ, ಆರೇ ತಿಂಗಳಲ್ಲಿ ಅದನ್ನು ಮರೆತುಬಿಟ್ಟ ಮಹಾನ್ ಕಂಪನಿಯ ಮಾನ್ಯ ನಿರ್ದೇಶಕರೇ,

ಕಾಪುವಿನಿಂದ ಟ್ರೆವರ್‌ನ ಅನಂತ ವಂದನೆಗಳು. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಎಂದು ಉಡುಪಿಯ ಕಾಲೇಜಿನಲ್ಲಿ ಕಲಿಸಿದ್ದರು. ಅದರ ಮುಂದಿನದ್ದು ಮರೆತುಹೋದ ಕಾರಣ ಕನ್ನಡದಲ್ಲೇ ಬೇಡಿಕೊಳ್ಳುತ್ತೇನೆ.

ತೊಂಬತ್ತೈದರಲ್ಲಿ ನನ್ನ ಭಾವ ಬಹರೈನ್‌ನಿಂದ ತಂದ ಆ ಮೇಲಿನ ಯಂತ್ರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಟಿವಿಗೊಂದು, ಕೆಳಗಿನ ಯಂತ್ರಕ್ಕೊಂದು, ಮೇಲಿನದಕ್ಕೆ ಮತ್ತೊಂದು ಪ್ಲಗ್ ಬೇಕಾಗಿ ಫ್ರಿಜ್ಜಿನ ಪ್ಲಗ್ ಕೀಳುತ್ತಿದ್ದೆವು, ಬಂಗುಡೆ ಹಾಳಾಗುತ್ತಿತ್ತು; ನಮ್ಮ ಮನೆಯಲ್ಲಿ ತರಕಾರಿ ತಿನ್ನುವ ಅಭ್ಯಾಸ ಬೆಳೆದದ್ದು ತಮ್ಮಿಂದಲೇ. ಇನ್ನು ಅದರ ಬಿಸಿ! ಮಳೆಗಾಲದ ಕಡಲ ಗಾಳಿಗೆ ಬೆಂಕಿಕಡ್ಡಿಯೂ ಹತ್ತದ ನಮ್ಮೂರಿನಲ್ಲಿ ನನ್ನ ಹೆಂಡತಿ ಜೆರ್ಟ್ರೂಡ್ ಅದರ ಬೆನ್ನ ಮೇಲೆ ಹಪ್ಪಳ ಹರಡಿ ಒಣಗಿಸುತ್ತಿದ್ದಳು. ಈ ಸೌಲಭ್ಯವನ್ನು ಡಬ್ಬದ ಮೇಲೆ ಮುದ್ರಿಸದೆ ಬಿಟ್ಟದ್ದು ತಮ್ಮ ವಿನಯ.

ಅದರ ಜೊತೆ ಬಂದ ಕಾರು ರೇಸಿನಲ್ಲಿ ನಾವಿಬ್ಬರೂ ಒಂದೇ ಕಾರಿನವರು: ಸ್ಟಿಯರಿಂಗ್ ಅವಳದ್ದು, ಬ್ರೇಕು ನನ್ನದು. ಕೊನೆಯ ಗುಡ್ಡ ಹತ್ತಿದಾಗ 'ಎರಡನೇ ಭಾಗ ಶೀಘ್ರದಲ್ಲಿ' ಎಂದು ಪರದೆಯಲ್ಲಿ ಬಂತು. ಅಷ್ಟರಲ್ಲಿ ತಾವು ಯಂತ್ರವನ್ನೇ ನಿಲ್ಲಿಸಿಯಾಗಿತ್ತು. ಕಂಪನಿಯವರ ಶೀಘ್ರ ಬೇರೆಯೇ ಇರಬಹುದು ಎಂದುಕೊಂಡು ಅವಳು ಸುಮಾರು ಮೂವತ್ತು ವರ್ಷ ಕಾದಳು. ಕಳೆದ ವರ್ಷ ಮಣಿಪಾಲದ ಆಸ್ಪತ್ರೆಯಲ್ಲಿ, ತೀರಿಕೊಳ್ಳುವ ಎರಡು ದಿನ ಮೊದಲು, "ಅದು ಬಂದರೆ ನನ್ನನ್ನು ಬಿಟ್ಟು ಶುರು ಮಾಡ್ಬೇಡಿ. ನೀವು ಮೊದಲ ತಿರುವಿನಲ್ಲೇ ಗದ್ದೆಗೆ ಇಳಿಸ್ತೀರಿ," ಎಂದಳು. ಆಯ್ತು ಮಾರಾಯ್ತಿ ಎಂದು ಮಾತು ಕೊಟ್ಟೆ.

ಈಗ ನೋಡಿದರೆ ಹಳೆಯ ನೆನಪಿನ ವಿಶೇಷ ಆವೃತ್ತಿಯೆಂದು ಆ ಎರಡನೇ ಭಾಗವನ್ನು ತಾವು ಮುಂದಿನ ತಿಂಗಳು ಹೊರತರುತ್ತೀರಂತೆ. ಕಾರ್ಕಳದಲ್ಲಿರುವ ಮಗಳು ಲೀನಾ ಆಗಲೇ ಬುಕ್ ಮಾಡಿದ್ದಾಳೆ. ಅಮ್ಮನ ಸ್ಟಿಯರಿಂಗ್ ತಾನೇ ಹಿಡಿಯುತ್ತಾಳಂತೆ. ಪಾಪ, ಅವಳ ಮನಸ್ಸು ಒಳ್ಳೆಯದೇ. ಅವಳಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ, ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ತಡವಾಯಿತೆಂದು ನನ್ನ ದೂರಲ್ಲ ಸ್ವಾಮೀ; ಇನ್ನೂ ಸ್ವಲ್ಪ ತಡಮಾಡಲಿಲ್ಲವೆಂದು ದೂರು. ನಾನೂ ಅವಳಿರುವಲ್ಲಿಗೆ ಹೋಗುವ ತನಕ ದಯವಿಟ್ಟು ತಡೆಹಿಡಿಯಿರಿ. ಆಮೇಲೆ ಒಂದು ಪ್ರತಿಯನ್ನು ಅಲ್ಲಿಗೇ ಕಳುಹಿಸಿ. ಪಿನ್‌ಕೋಡ್ ಸದ್ಯಕ್ಕೆ ತಿಳಿದಿಲ್ಲ.

ಕಾಯಲು ಯಾವ ಅಭ್ಯಂತರವೂ ಇಲ್ಲದ,
ತಮ್ಮ ವಿಶ್ವಾಸಿ,
ಟ್ರೆವರ್

ತಾ.ಕ.: ನಿಲ್ಲಿಸುವುದು ಆಗದ ಮಾತಾದರೆ, ಕೆಲಸವನ್ನು ಮೊದಲಿನ ಇಂಜಿನಿಯರುಗಳಿಗೇ ವಹಿಸಿಕೊಡಿ. ಅವರ ಕೈಯಲ್ಲಿ ಯಾವುದೂ ಪೂರ್ತಿಯಾಗದು ಎಂಬ ಭರವಸೆ ನನಗೆ ಉಂಟು.