ಅಂಚೆಟ್ಟಿಗೆ ಕಾರಿನಲ್ಲಿ

2006ನೇ ಇಸವಿಯಲ್ಲಿ ತಮಿಳುನಾಡಿನ ಹೊಸೂರಿನಲ್ಲಿ ಹಳೇ ಕಾರನ್ನು ಕೊಳ್ಳುವ ಮುನ್ನ ಓಡಿಸಿ ನೋಡಲು ಯಾವ ಅಡ್ಡಿಯೂ ಇರಲಿಲ್ಲ. ಕಾರನ್ನು ಮೊದಲೇ ಕೊಂಡಿರಬೇಕಿತ್ತು, ಅಷ್ಟೆ. ಈ ನಿಯಮ ಜಾರಿಗೆ ತಂದ ಪ್ರಾಯೋಗಿಕ ಚಾಲನಾ ಪೂರ್ವಾನುಮತಿ ಕಚೇರಿಯಲ್ಲಿ ನಾನು ಗುಮಾಸ್ತ. ಹೆಮ್ಮೆಯಿಂದ ಹೇಳುತ್ತೇನೆ, ನಮ್ಮ ಕಾಲದಲ್ಲಿ ಪ್ರಾಯೋಗಿಕ ಚಾಲನೆಯಲ್ಲಿ ಒಂದೇ ಒಂದು ಅಪಘಾತವೂ ಆಗಲಿಲ್ಲ.

ಅವಲಪಲ್ಲಿಯ ಮುತ್ತರಾಯಪ್ಪ ಫ್ಯಾಕ್ಟರಿಯಿಂದ ನಿವೃತ್ತರಾದವರು. ಹೆಂಡತಿ ಲಕ್ಷ್ಮಿದೇವಮ್ಮನಿಗೆ ಮೊಣಕಾಲು ನೋವು. ಆಕೆಯ ಅಕ್ಕ ಮುನಿರತ್ನಮ್ಮ ಅಂಚೆಟ್ಟಿಯಾಚೆಯ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದರು. ಬಸ್ಸಿಳಿದು ಮೂರು ಮೈಲಿ ನಡೆಯಬೇಕು, ಹಾಗಾಗಿ ಅಕ್ಕತಂಗಿಯರು ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಅದಕ್ಕೇ ಮುತ್ತರಾಯಪ್ಪ ಶ್ಯಾಮಣ್ಣ ಎಂಬುವರ ಬಿಳಿ ಕಾರನ್ನು ಕೊಳ್ಳಲು ಹೊರಟರು. ಅದು ಕರ್ನಾಟಕದ ನಂಬರಿನ ಗಾಡಿ.

"ದಿಣ್ಣೆ ಹತ್ತುತ್ತಾ ಇಲ್ವಾ ಅಂತ ಒಂದ್ಸಲ ಓಡ್ಸಿ ನೋಡ್ಬುಡ್ತೀನಿ ಸಾರ್," ಎಂದರು ನಮ್ಮ ಅಧಿಕಾರಿ ವೆಂಕಟೇಶಪ್ಪನವರ ಮುಂದೆ ನಿಂತು.

"ಓಡ್ಸಿ. ರೋಡ್ ಟ್ಯಾಕ್ಸು ಕಟ್ಟಿದೀರಾ?"

"ಶ್ಯಾಮಣ್ಣ ಕರ್ನಾಟಕದಾಗೆ ಕಟ್ಟವ್ನೆ ಸಾರ್."

"ಅದು ಅಲ್ಲಿನ ರೋಡಿಗೆ. ಇಲ್ಲಿ ಓಡ್ಸೋರ ಹೆಸ್ರಲ್ಲೇ ಟ್ಯಾಕ್ಸು, ಓಡ್ಸೋರ ಹೆಸ್ರಲ್ಲೇ ಇನ್ಶೂರೆನ್ಸು ಇರ್ಬೇಕು."

"ಈಗ್ಲೇ ಕಟ್ತೀನಿ."

"ಕಾರು ನಿಮ್ದಾದ್ರೆ ತಾನೇ ಕಟ್ಟಿಸ್ಕೊಳ್ಳೋದು?"

"ಓಡ್ಸಿ ನೋಡ್ದೆ ಹೆಂಗ್ ಸಾರ್ ತಗಳ್ಳೋದು?"

"ಒಳ್ಳೇ ಪ್ರಶ್ನೆ. ಬರ್ದು ಕೊಡಿ."

ಬರೆದುಕೊಟ್ಟರು. ಏಳು ವಾರಕ್ಕೆ ಉತ್ತರ ಬಂತು: "ಇಂಜಿನ್ ಚಾಲನೆಯಲ್ಲಿಲ್ಲದೆ ಮನುಷ್ಯರಿಂದ ನೂಕಲ್ಪಡುವ ವಾಹನವು ತಳ್ಳುಗಾಡಿಯಾಗಿದ್ದು, ಅದಕ್ಕೆ ತೆರಿಗೆಯಾಗಲಿ ವಿಮೆಯಾಗಲಿ ಅನ್ವಯಿಸತಕ್ಕದ್ದಲ್ಲ. ಸದರಿ ಕಾರನ್ನು ತಳ್ಳಿ ಪರೀಕ್ಷಿಸತಕ್ಕದ್ದು. ತಳ್ಳುವವರು ನಾಲ್ವರಿರತಕ್ಕದ್ದು, ಮೂವರು ಅಧಿಕೃತರು, ಒಬ್ಬರು ಕೊಳ್ಳುವವರ ಮನೆಯವರು. ಚಾಲಕ ಮತ್ತು ವೀಕ್ಷಕ ಗುಮಾಸ್ತನ ಹೊರತು ಯಾರೂ ಒಳಗೆ ಕೂರತಕ್ಕದ್ದಲ್ಲ."

ಅಧಿಕೃತ ತಳ್ಳುಗಾರರ ಸಂಘವನ್ನು ವೆಂಕಟೇಶಪ್ಪನವರ ಬಾಮೈದ ಹಿಂದಿನ ವಾರವಷ್ಟೇ ಸ್ಥಾಪಿಸಿದ್ದದ್ದು ನಮ್ಮ ಪುಣ್ಯ. ಮನೆಯವರ ಪೈಕಿ ಮುತ್ತರಾಯಪ್ಪನಿಗೆ ಇದ್ದವರು ಲಕ್ಷ್ಮಿದೇವಮ್ಮ ಒಬ್ಬರೇ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಡಿಕ್ಕಿಗೆ ಕೈ ಕೊಟ್ಟರು.

ಕಾರು ಅವಲಪಲ್ಲಿ ದಿಣ್ಣೆ ಹತ್ತಿತು. ಪ್ರಮಾಣಪತ್ರ ಬರೆದವನು ನಾನೇ: "ಏರು ನಿರಾಯಾಸ. ಹೊಗೆ ಇಲ್ಲ. ಶಬ್ದ ಇಲ್ಲ, ತಳ್ಳಿದವರದ್ದನ್ನು ಬಿಟ್ಟು. ಪೆಟ್ರೋಲು ಬಳಕೆ ಸೊನ್ನೆ." ಇಷ್ಟು ಒಳ್ಳೆಯ ಕಾರನ್ನು ಯಾರು ಬಿಡುತ್ತಾರೆ? ಮುತ್ತರಾಯಪ್ಪ ಕೊಂಡೇಬಿಟ್ಟರು.

ಮರುದಿನ ತೆರಿಗೆ ಕಟ್ಟಲು ಬಂದರು. ವೆಂಕಟೇಶಪ್ಪನವರು ರಿಜಿಸ್ಟರು ತಿರುವಿ ತಲೆಯಾಡಿಸಿದರು.

"ಇದು ತಳ್ಳುಗಾಡಿ ಅಂತ ನಮೂದಾಗೈತೆ. ತಳ್ಳುಗಾಡಿಗೆ ಟ್ಯಾಕ್ಸು ತಗೊಂಡ್ರೆ ನನ್ ಕೆಲ್ಸ ಹೋಯ್ತದೆ. ಇಂಜಿನ್ ಸ್ಟಾರ್ಟ್ ಮಾಡಿದ್ರೆ ನಿಮ್ ಮೇಲೆ ಕೇಸಾಯ್ತದೆ."

"ಕಾರು ಅಂತ ಬದಲಾಯ್ಸಿ ಸಾರ್."

"ಓಡ್ಸಿ ತೋರ್ಸಿ, ಬದಲಾಯಿಸ್ತೀನಿ."

"ಓಡ್ಸೋಕೆ?"

"ಟ್ಯಾಕ್ಸು ಕಟ್ಟಿರ್ಬೇಕು."

ಅಷ್ಟರಲ್ಲಿ ಮುನಿರತ್ನಮ್ಮ ಅನ್ನ ಬಿಟ್ಟರೆಂದು ಸುದ್ದಿ ಬಂತು. ನಿಯಮದ ಪ್ರಕಾರ ಹೊರಟೆವು. ಸ್ಟಿಯರಿಂಗ್ ಹಿಡಿದು ಮುತ್ತರಾಯಪ್ಪ, ಹಿಂದಿನ ಸೀಟಿನಲ್ಲಿ ವೀಕ್ಷಕನಾಗಿ ನಾನು, ಹೊರಗೆ ಮೂವರು ಅಧಿಕೃತರು ಮತ್ತು ಲಕ್ಷ್ಮಿದೇವಮ್ಮ. ಅಂಚೆಟ್ಟಿ ಬಸ್ಸೊಂದು ಪಕ್ಕದಲ್ಲಿ ನಿಂತಿತು. ಅರ್ಧಕ್ಕರ್ಧ ಖಾಲಿ.

"ಹತ್ಕೊಳ್ಳಮ್ಮಾ," ಎಂದ ಕಂಡಕ್ಟರ್.

"ಬ್ಯಾಡ ಕಣಪ್ಪ, ನಮ್ದೇ ಕಾರೈತೆ," ಎಂದರು ಲಕ್ಷ್ಮಿದೇವಮ್ಮ.

ಘಾಟಿಯ ತಿರುವಿನಲ್ಲಿ ಆಕೆಯ ಏದುಸಿರು ಹಿಂದಿನ ಗಾಜಿನ ಮೇಲೆ ಮಂಜಿನಂತೆ ಕೂತಿತು. ಪ್ರಮಾಣಪತ್ರದಲ್ಲಿ ಅದಕ್ಕೆ ಕಾಲಂ ಇರಲಿಲ್ಲವಾಗಿ ಬರೆಯಲಿಲ್ಲ.

ಮೂರನೇ ದಿನ ತಲುಪಿದೆವು. ಲಕ್ಷ್ಮಿದೇವಮ್ಮ ಗೋಡೆ ಹಿಡಿದು ಒಳಗೆ ಹೋಗಿ ಅಕ್ಕನ ಪಕ್ಕ ಕುಸಿದು ಕೂತರು. ಮುನಿರತ್ನಮ್ಮ ಕಣ್ಣು ಬಿಟ್ಟು ತಂಗಿಯ ಊದಿದ ಮೊಣಕಾಲು ಸವರಿದರು.

"ಈ ಕಾಲಿಟ್ಕೊಂಡು ಹೆಂಗ್ ಬಂದ್ಯೇ ತಾಯಿ?"

"ಕಾರಲ್ಲಿ ಕಣಕ್ಕ."

"ಒಳ್ಳೇದಾಯ್ತು ಬುಡು," ಎಂದರು ಮುನಿರತ್ನಮ್ಮ ನೆಮ್ಮದಿಯಿಂದ. "ನಡ್ಕೊಂಡ್ ಬಂದಿದ್ರೆ ನೀನ್ ಸತ್ತೇ ಹೋಗ್ಬುಡ್ತಿದ್ದೆ."